ಬಿಗಿ ಬೀಡಿ

ಗುರುವಾರ ಸುತ್ತಿದ ಬೀಡಿಗಳನ್ನು
ಶುಕ್ರವಾರ ಹೊಸಂಗಡಿ ಬ್ರಾಂಚಿನ ಚೆಕ್ಕರ್
ಬೆರಳಲ್ಲಿ ಒತ್ತಿ ನೋಡಿ ಬದಿಗೆ ಎಸೆಯುತ್ತಿದ್ದ:
"ಎಂಥ ಬಿಗಿ ಮಾರಾಯ್ತಿ, ಎಳೆದರೆ ಹೊಗೆಯೇ ಬರುವುದಿಲ್ಲ."
ಅವನಿಗೆ ಹೇಗೆ ಹೇಳುವುದು
ಒಂಬತ್ತೂವರೆಯಿಂದ ಹತ್ತರವರೆಗೆ
ನಮ್ಮ ಹೆಬ್ಬೆರಳು ನಮ್ಮದಾಗಿರಲಿಲ್ಲವೆಂದು.

"ಅರೆಬಾಗಿಲು" ಅಂತ ಹೆಸರು.
ವಾರಕ್ಕೊಂದು ಕಥೆ, ವಾರಕ್ಕೊಂದು ಸಾವು.
ಮೊದಲು ತಿರುಗಣಿ ಕಿರ್ರೆನ್ನುವುದು.
ಆಮೇಲೆ ಆ ಗಂಡಸಿನ ದನಿ, ಕೆಮ್ಮು ತಡೆದುಕೊಂಡ ಹಾಗೆ:
"ಚಿಲಕ ಹಾಕಿದಿರಲ್ಲ? ಸರಿ.
ಈಗ ಒಳಗೆ ಎಷ್ಟು ಜನ ಇದ್ದೀರಿ, ಎಣಿಸಿ."

ಎಣಿಸುತ್ತಿದ್ದೆವು. ನಿಜವಾಗಿ.
ಗಿರಿಜ, ಸೀತು, ಐಸಾಬಿ, ಅವಳ ನಾದಿನಿ ಮರಿಯಮ್ಮ,
ಕಣ್ಣು ಕಾಣದ ಬಾಗಿಯಕ್ಕ, ಎಲೆ ಕತ್ತರಿಸುವ ನಾನು.
ಆರು. ಒಮ್ಮೆ ಸೀತು ಏಳು ಎಂದಳು
(ಅವಳು ಬಸುರಿ, ನಮಗೆ ಗೊತ್ತಿರಲಿಲ್ಲ).

ಆ ದನಿಗೆ ಮುಖ ಇರಲಿಲ್ಲ, ಅದಕ್ಕೇ
ಒಬ್ಬೊಬ್ಬರು ಒಂದೊಂದು ಕೊಟ್ಟಿದ್ದೆವು.
ಗಿರಿಜ ಚೆಕ್ಕರನ ಮುಖವನ್ನೇ ಕೊಟ್ಟಳು.
ನನಗೆ ಅವನು ಬರೀ ಬೆನ್ನು.
ಬಾಗಿಯಕ್ಕ ಹೇಳಿದಳು: "ಮುಖ ಎಂತಕ್ಕೆ?
ಅವನ ಎದುರು ಹಲ್ಲೊಂದು ಬಿದ್ದಿದೆ,
ಸಾವು ಅನ್ನುವಾಗ ಗಾಳಿ ಹೋಗುತ್ತದೆ, ಕೇಳಿ."

ಬಾವಿಯ ಕಥೆ ಬಂದ ವಾರ
ರಾಟೆ ತಿರುಗುವ ಸದ್ದು, ಅಷ್ಟೇ.
ಕೊಡ ಇಲ್ಲ, ಹಗ್ಗ ಇಲ್ಲ, ಸೇದುವವರಿಲ್ಲ.
ಆ ತಿಂಗಳಿಡೀ ಕತ್ತಲಾದ ಮೇಲೆ
ನಮ್ಮ ಕೇರಿಯಲ್ಲಿ ಯಾರೂ ನೀರು ಸೇದಲಿಲ್ಲ.
ಮುಸ್ಸಂಜೆಗೇ ಹಂಡೆ ತುಂಬಿ
ಅದಕ್ಕೊಂದು ಮುಚ್ಚಳ,
ಮುಚ್ಚಳದ ಮೇಲೊಂದು ಕಲ್ಲು.

ಆಮೇಲೆ ಐಸಾಬಿಯ ಗಂಡ ಶಾರ್ಜಾದಿಂದ ಟಿವಿ ತಂದ.
"ಅರೆಬಾಗಿಲು" ಇನ್ನು ರೇಡಿಯೋದಲ್ಲಿ ಇಲ್ಲ,
ಇದರಲ್ಲೇ ಬರುವುದು ಎಂದರು.
ತೆಂಗಿನಷ್ಟು ಎತ್ತರದ ಪೈಪಿಗೆ ಆಂಟೆನಾ;
ತೆಂಕಕ್ಕೆ ತಿರುಗಿಸಿದರೆ ಮಲಯಾಳ, ಬಡಗಕ್ಕೆ ಕನ್ನಡ,
ನಡುವೆ ನಿಂತರೆ ಬರೀ ಇರುವೆ.
ಕನ್ನಡ ಬಂದರೂ ಒಬ್ಬೊಬ್ಬರ ಹಿಂದೆ
ಅವರದೇ ಇನ್ನೊಂದು ಮಸುಕು ಆಕಾರ,
ವಾರ್ತೆ ಓದುವವಳಿಗೂ, ಸೋಪಿನ ಹುಡುಗಿಗೂ.
ಎಲ್ಲರ ಬೆನ್ನಿಗೂ ಪ್ರೇತ ಇದ್ದ ಮೇಲೆ
ಯಾವುದಕ್ಕೆ ಅಂತ ಹೆದರುವುದು?

ದನಿಯವನು ಬಂದ. ಶಾಲು ಹೊದ್ದ ಸಣಕಲ,
ರೇಷನ್ ಅಂಗಡಿಯ ಗುಮಾಸ್ತನ ಹಾಗೆ ಬೆವರುತ್ತಿದ್ದ.
ಹಲ್ಲು ಕಟ್ಟಿಸಿಕೊಂಡಿದ್ದ.
ಅದೇ ಬಾವಿಯ ಕಥೆ. ಬಾವಿ ರಟ್ಟಿನದು.
ಬಿಳಿ ಸೀರೆಯವಳು ಕಟ್ಟೆ ಹತ್ತಿ ಬಂದಳು,
ಮಣಿಕಟ್ಟಿನಲ್ಲಿ ವಾಚಿನ ಗುರುತು.
ಗಿರಿಜ ನಕ್ಕೇ ನಕ್ಕಳು.
ಆದರೆ ಕೈಗಳು ಮೊರದಲ್ಲಿ ಸುಮ್ಮನೆ ಬಿದ್ದಿದ್ದವು:
ಕಿವಿಗೆ ಕೊಟ್ಟ ರಾತ್ರಿ ಆರುನೂರು ಸುತ್ತಿದವಳು
ಕಣ್ಣಿಗೆ ಕೊಟ್ಟ ರಾತ್ರಿ ನೂರ ಹತ್ತು.

ಕೊನೆಗೆ ಅವಳು ಸರಕ್ಕನೆ ತಿರುಗಿದಳು.
ಪೆಟ್ಟಿಗೆಯಲ್ಲಿ ಸದ್ದಿಲ್ಲ. ಸಂಗೀತ ಕೂಡ ಇಲ್ಲ.
ಐವರೂ ಒಟ್ಟಿಗೆ ಚೀರಿದೆವು.
ಗೋಡೆಗೆ ಒರಗಿದ್ದ ಬಾಗಿಯಕ್ಕನ ಕೈ
ತಡಕಾಡಿ ನನ್ನ ಮೊಣಕೈ ಹಿಡಿಯಿತು.
"ಎಂತ? ಎಂತ ಬಂತು?"

ಹಿಂದೆ ಬರುವಾಗ ಹೇಳಿದೆ: ಎಂತದ್ದೂ ಇಲ್ಲ ಅಕ್ಕ,
ಮುಖಕ್ಕೆ ಹಿಟ್ಟು ಬಳಿದ ಒಂದು ಹೆಂಗಸು.
"ಅಷ್ಟಕ್ಕೆ ಐದು ಜನ ಕೂಗುತ್ತಾರಾ?"
ರೈಲು ಹಳಿ ದಾಟುವಲ್ಲಿ ನಿಂತೇಬಿಟ್ಟಳು.
"ನೀನು ಅಡಗಿಸುತ್ತೀ."

ಆಮೇಲಿನ ಶುಕ್ರವಾರಗಳಲ್ಲಿ
ನಮ್ಮ ಬೀಡಿ ಒಂದೂ ವಾಪಸು ಬರಲಿಲ್ಲ.
ಅವಳದು ಮಾತ್ರ, ಕಟ್ಟುಗಟ್ಟಲೆ.
ಒಂದು ಬೆಳಿಗ್ಗೆ ರಾಟೆಗೆ ಎಣ್ಣೆ ಬಿಡಲು ಹೋದೆ.
ಬಟ್ಟಲು ಕಲ್ಲಿಗೆ ತಾಗಿದ್ದೇ ತಡ,
ಒಳಗಿಂದಲೇ ಅಂದಳು:
"ಬೇಡ. ಅದು ಕೂಗುತ್ತಾ ಇರಲಿ.
ಕೂಗದೆ ಬರುವುದನ್ನು
ನನಗೆ ಯಾರು ಹೇಳುತ್ತೀರಿ?"